ಮೊದಲ ಸಲ ಸ್ವೆಟರ್ ಹೆಣೆಯೋರು ಯಾವ ಉಲ್ಲನ್ ತಗೋಬೇಕು?

ಮಫ್ಲರ್ ಒಂದು ಮುಗಿಸಿದ್ದೀನಿ, ಸೀದಾ-ಉಲ್ಟಾ ಎರಡೂ ಬರುತ್ತೆ, ಈಗ ಐದು ವರ್ಷದ ಮಗಳಿಗೆ ಸ್ವೆಟರ್ ಹಾಕೋಣ ಅಂತಿದ್ದೀನಿ, ಒಳ್ಳೆ ಮೆರಿನೋ ಉಣ್ಣೆ ತರಿಸಲಾ ಅಂತ ಕೇಳಿದ್ದೀರಿ. ಈಗಲೇ ತರಿಸಬೇಡಿ. ಮೊದಲನೇ ಸ್ವೆಟರಿಗೆ ನೂಲು ಆರಿಸುವಾಗ ನಾನು ಕೇಳೋ ಪ್ರಶ್ನೆ ಒಂದೇ: ಇದನ್ನ ಬಿಚ್ಚೋಕೆ ಬರುತ್ತಾ? ಯಾಕಂದ್ರೆ ಬಿಚ್ಚೇ ಬಿಚ್ಚುತ್ತೀರಿ.

ನನ್ನ ಮೊದಲನೇದು ನಮ್ಮ ಯಜಮಾನರಿಗೆ. ನಾವಿರೋದು ಚಿಕ್ಕಬಳ್ಳಾಪುರ. ಡಿಸೆಂಬರಿನಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗೋರಿಗೆ ಸ್ಟೇಷನ್ನಿನಲ್ಲಿ ಹಲ್ಲು ಕಟಕಟ ಅನ್ನುತ್ತೆ, ನಂದಿ ಬೆಟ್ಟ ಮಂಜಿನಲ್ಲಿ ಕಾಣಿಸೋದೇ ಇಲ್ಲ. ಅಮೆರಿಕದವರ ಒಂದು ವಿಡಿಯೋ ನೋಡಿಕೊಂಡು ಶುರು ಮಾಡಿದೆ. ಅದರಲ್ಲಿ ನಂಬರ್ 8 ಕಡ್ಡಿ ಅಂದಿದ್ರು, ಫ್ಯಾನ್ಸಿ ಸ್ಟೋರಿಗೆ ಹೋಗಿ ನಂಬರ್ 8 ಕೊಡಿ ಅಂದೆ, ಕೊಟ್ರು. ಅಮೆರಿಕದ 8 ಅಂದ್ರೆ 5 ಮಿಲಿಮೀಟರ್, ನಮ್ಮಲ್ಲಿ ಸಿಗೋ 8 ಅಂದ್ರೆ 4 ಮಿಲಿಮೀಟರ್ ಅಂತ ಯಾರಿಗೆ ಗೊತ್ತಿತ್ತು? ನಮ್ಮದು ಬ್ರಿಟಿಷರ ಹಳೇ ಲೆಕ್ಕ, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅವರದ್ದು ತದ್ವಿರುದ್ಧ. 180 ಕುಣಿಕೆ ಹಾಕಿದೆ. ಅವರ ಲೆಕ್ಕದಲ್ಲಿ 10 ಸೆಂಟಿಮೀಟರಿಗೆ 18 ಕುಣಿಕೆ, ಅಂದ್ರೆ ಸುತ್ತಳತೆ 100. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 22 ಬರ್ತಾ ಇತ್ತು, ಸುತ್ತಳತೆ 82ಕ್ಕೆ ನಿಂತಿತು. ಕಂಕುಳ ತನಕ ಬಂದ ಮೇಲೆ ಯಜಮಾನರ ಎದೆಗೆ ಹಿಡಿದು ನೋಡಿದ್ದು! ಬಿಚ್ಚೋಣ ಅಂದ್ರೆ, ಚೆಂದ ಕಾಣುತ್ತೆ ಅಂತ ರೋಮ ರೋಮ ಎದ್ದಿರೋ ನೂಲು ತಂದಿದ್ದೆ. ಒಂದಕ್ಕೊಂದು ಕಚ್ಚಿಕೊಂಡು ನಾಲ್ಕು ಸಾಲಿಗೊಮ್ಮೆ ಕಿತ್ತು ಬಂತು. ಕೊನೆಗೆ ಹಾಗೇ ಮುಗಿಸಿ ಅಕ್ಕನ ಮಗನಿಗೆ ಕೊಟ್ಟೆ. ಅವನಿಗೆ ಆಗ ಹನ್ನೆರಡು ವರ್ಷ.

ಹಾಗಾಗಿ ನುಣುಪಾದ, ಚೆನ್ನಾಗಿ ಹುರಿ ಕೊಟ್ಟಿರೋ, ತಿಳಿ ಬಣ್ಣದ ನೂಲು ತಗೊಳ್ಳಿ. ಕಪ್ಪು, ನೇವಿ ಬ್ಲೂ ಬೇಡ, ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕುಣಿಕೆ ಎಣಿಸೋಕೆ ಆಗಲ್ಲ. ದಪ್ಪದಲ್ಲಿ ಡಿಕೆ (ಡಬಲ್ ನಿಟಿಂಗ್) ಅಂತ ಬರುತ್ತಲ್ಲ, ನಮ್ಮ 8ನೇ ನಂಬರ್ ಕಡ್ಡಿಗೆ ಹೊಂದೋದು, ಅದು ಸಾಕು. ಅದಕ್ಕಿಂತ ದಪ್ಪದ್ದು ಬೇಗ ಮುಗಿಯುತ್ತೆ ನಿಜ. ಆದ್ರೆ ನಮ್ಮ ಕಡೆ ಹತ್ತು ಗಂಟೆಗೆ ಬಿಸಿಲು ಏರುತ್ತೆ, ಮಗು ಸ್ವೆಟರ್ ಕಿತ್ತು ಬಿಸಾಕುತ್ತೆ.

ಇನ್ನು ಅಂಗಡಿಯಲ್ಲಿ ಉಲ್ಲನ್ ಅಂತ ಕೊಡೋದರಲ್ಲಿ ಬಹಳಷ್ಟು ಅಕ್ರಿಲಿಕ್, ಅಂದ್ರೆ ಕೃತಕ ನೂಲು. ಅದೇನು ಮೋಸ ಅಲ್ಲ, ವಾಡಿಕೆ. ಲೇಬಲ್ ಇಲ್ಲದಿದ್ರೆ ಒಂದು ತುಂಡನ್ನ ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆ ಮೇಲೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದ್ರೆ ಉಣ್ಣೆ. ಕರಗಿ ಗಟ್ಟಿ ಮಣಿ ಆದ್ರೆ ಅಕ್ರಿಲಿಕ್. ಮಣಿ ಪೂರ್ತಿ ತಣ್ಣಗಾಗೋ ತನಕ ಮುಟ್ಟಬೇಡಿ. ಮಕ್ಕಳ ಮೊದಲ ಸ್ವೆಟರಿಗೆ ನನ್ನ ಓಟು ಅಕ್ರಿಲಿಕ್‌ಗೇ, ಇಲ್ಲವೇ ಉಣ್ಣೆ ಬೆರೆಸಿರೋದಕ್ಕೆ. ವಾಷಿಂಗ್ ಮೆಷಿನ್ನಿಗೆ ಹಾಕಬಹುದು. ಶುದ್ಧ ಉಣ್ಣೆ ಬಿಸಿ ನೀರಿಗೆ ಬಿದ್ದು ತಿಕ್ಕಾಟ ಆಯ್ತೋ, ಮುದುಡಿ ಕಂಬಳಿ ತುಂಡಾಗಿ ಹೊರಗೆ ಬರುತ್ತೆ. ಅಕ್ರಿಲಿಕ್‌ಗೆ ಇಸ್ತ್ರಿ ಮಾತ್ರ ತೋರಿಸಬೇಡಿ, ಜೋಲು ಬಿದ್ದಿದ್ದು ಮತ್ತೆ ಎದ್ದೇಳಲ್ಲ.

ಕಂಬಳಿ ಅಂದಾಗ ನೆನಪಾಯ್ತು, ನಮ್ಮ ಕುರಿ ಉಣ್ಣೆಯಲ್ಲೇ ಹೆಣೆದ್ರೆ ಹೇಗೆ ಅಂತ ಕೆಲವರು ಕೇಳ್ತಾರೆ. ಅದು ಒರಟು, ಕಂಬಳಿಗೇ ಸರಿ. ಕುರುಬರು ಅದನ್ನ ಹುಣಸೆ ಬೀಜದ ಗಂಜಿ ಹಾಕಿ ನೇಯೋದು, ಮಗುವಿನ ಕತ್ತಿಗೆ ಚುಚ್ಚುತ್ತೆ. ಪಕ್ಕದಲ್ಲೇ ಶಿಡ್ಲಘಟ್ಟ ಇದೆ, ರೇಷ್ಮೆ ಆಗಲ್ವಾ ಅಂದ್ರೆ, ಜಾರುತ್ತೆ, ಹಿಗ್ಗಿದ್ದು ವಾಪಸ್ ಕೂರಲ್ಲ.

ಅಳತೆಗೆ ಬನ್ನಿ. ಮೊದಲು 30 ಕುಣಿಕೆ ಹಾಕಿ, ಒಂದು ಗೇಣಿಗೆ ಸ್ವಲ್ಪ ಕಮ್ಮಿ ಉದ್ದ ಹೆಣೆದು, ಒಗೆದು ಒಣಗಿಸಿ, ಆಮೇಲೆ ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟಿವೆ ಎಣಿಸಿ. ಒಗೆಯೋದು ಬಿಡಬೇಡಿ. ನಿಮ್ಮ ಮಗಳ ಎದೆ 23 ಇಂಚು ಇದ್ರೆ ಸ್ವೆಟರ್ 26 ಇರಲಿ, ಅಂದ್ರೆ 66 ಸೆಂಟಿಮೀಟರ್. 10 ಸೆಂಟಿಮೀಟರಿಗೆ 22ರ ಲೆಕ್ಕಕ್ಕೆ ಸುತ್ತಲೂ 145 ಕುಣಿಕೆ, ಬೆನ್ನಿಗೆ 72, ಹೊಲಿಗೆಗೆ ಆಚೆ ಈಚೆ ಒಂದೊಂದು ಸೇರಿಸಿದ್ರೆ 74. ಮುಂಭಾಗಕ್ಕೂ ಅಷ್ಟೇ. ಮೇಲಿಂದ ಕೆಳಕ್ಕೆ ಹೊಲಿಗೆಯೇ ಇಲ್ಲದೆ ಹೆಣೆಯೋ ವಿಧಾನ ಈಗ ಜನಪ್ರಿಯ, ಆದ್ರೆ ಬೆನ್ನು, ಎದೆ, ತೋಳು ಬೇರೆ ಬೇರೆ ಮಾಡಿ ಜೋಡಿಸೋದಾದ್ರೆ ನಿಮ್ಮ ಬೀದಿಯ ಯಾವುದಾದ್ರೂ ಅಜ್ಜಿ ಕೈ ಹಿಡಿದು ತೋರಿಸ್ತಾರೆ. ನನಗೆ ಹಾಗೇ ಆಗಿದ್ದು.

ಈ ವಯಸ್ಸಿಗೆ 200ರಿಂದ 250 ಗ್ರಾಂ ಸಾಕು. ಒಂದೇ ಸಲ ತಗೊಳ್ಳಿ, ಎಲ್ಲ ಉಂಡೆಗಳ ಲಾಟ್ ನಂಬರ್, ಅಂದ್ರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್, ಒಂದೇ ಇದೆಯಾ ನೋಡಿ. ಎರಡು ಲಾಟ್ ಬೆರೆತ್ರೆ ಅಂಗಡಿಯಲ್ಲಿ ಒಂದೇ ಬಣ್ಣ, ಬಿಸಿಲಿಗೆ ಬಂದ್ರೆ ತೋಳೇ ಬೇರೆ.

ಬಿಚ್ಚಿದ ನೂಲು ನೂಡಲ್ಸ್ ಥರ ಸುರುಳಿ ಸುರುಳಿ ಇರುತ್ತೆ, ಹಾಗೇ ಹೆಣೆದ್ರೆ ಸಾಲು ಏರುಪೇರಾಗುತ್ತೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ನೆರಳಲ್ಲಿ ತೂಗುಹಾಕಿ. ಕುರ್ಚಿಗಿಂತ ಮಗಳ ಎರಡು ಕೈ ಅನುಕೂಲ, ಅವಳು ಕೂತ್ರೆ.

ಕೊನೆಗೆ ಕತ್ತು. ಎಲ್ಲ ಸರಿ ಬಂದು ಕತ್ತಿನ ಅಂಚು ಬಿಗಿಯಾಗಿ ಮುಚ್ಚಿದ್ರೆ ತಲೆ ತೂರಲ್ಲ, ಮಗು ಒಳಗಿಂದ ಅಳುತ್ತೆ. ಮುಚ್ಚುವಾಗ ಒಂದು ಸೈಜು ದಪ್ಪ ಕಡ್ಡಿ ಹಿಡೀರಿ. ಅಂಗಡಿಯಲ್ಲಿ ಕೇಳಬೇಕಾದ್ದು 9 ಅಲ್ಲ, 7.