ಅವಳಿಗಳು ಇನ್ನೂ ಬೋರಲು ಬಿದ್ದಿಲ್ಲ ಅಂತ ಕೇಳಿದವರಿಗೆ

32ನೇ ವಾರಕ್ಕೇ ಹುಟ್ಟಿದ ಅವಳಿಗಳಿಗೆ 5 ತಿಂಗಳಾಯ್ತು, ಪಕ್ಕದ ಮನೆ ಮಗು ಆಗಲೇ ಬೋರಲು ಬೀಳುತ್ತೆ, ಇವರಿನ್ನೂ ಇಲ್ಲ ಅಂತ ಕೇಳಿದ್ದೀರಿ. ಆ ಹೋಲಿಕೆ ಮೊದಲು ಬಿಡಿ. ನಿಮ್ಮ ಮಕ್ಕಳು 8 ವಾರ ಮುಂಚೆ ಬಂದವರು. ಅಷ್ಟು ಕಳೆದರೆ ಬೆಳವಣಿಗೆ ಲೆಕ್ಕದಲ್ಲಿ ಅವರಿಗೆ ಈಗ ಸುಮಾರು 3 ತಿಂಗಳು. 3 ತಿಂಗಳಿಗೆ ಎಷ್ಟೋ ಮಕ್ಕಳು ಬೋರಲು ಬೀಳಲ್ಲ, ಅಲ್ವಾ?

ನಿಮ್ಮ ಮುಖ ನೋಡಿ ನಗ್ತಾರಾ? ಹೊಟ್ಟೆ ಮೇಲೆ ಮಲಗಿಸಿದರೆ ಕತ್ತು ಎತ್ತುತ್ತಾರಾ? ನೀವು ಅತ್ತಿತ್ತ ಹೋದರೆ ಕಣ್ಣು ಹಿಂದೆಯೇ ಬರುತ್ತಾ? ಈಗ ನೋಡಬೇಕಾದ್ದು ಇದನ್ನ. ಇಬ್ಬರಲ್ಲಿ ಒಬ್ಬರು ಸ್ವಲ್ಪ ಹಿಂದಿರೋದೂ ಸಹಜ. ಮೈ ತೀರಾ ಬಿಗಿ ಅಥವಾ ತೀರಾ ಸಡಿಲ ಅನ್ನಿಸಿದರೆ, ಒಂದೇ ಕೈ ಆಡಿಸುತ್ತಿದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಲಸಿಕೆಗೆ ಈ ಲೆಕ್ಕ ಬೇಡ. ಅದು ಹುಟ್ಟಿದ ದಿನದಿಂದಲೇ.

ನನಗೆ ಜಾಸ್ತಿ ಚಿಂತೆ ಕಣ್ಣಿನದು. 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಹುಟ್ಟಿ 30 ದಿನದೊಳಗೆ ರೆಟಿನಾ (ಕಣ್ಣಿನ ಒಳಗಿನ ಪರದೆ) ಪರೀಕ್ಷೆ ಆಗಿರಬೇಕು. ರೆಟಿನಾದ ರಕ್ತನಾಳ ಕೆಟ್ಟರೂ ಹೊರಗಿಂದ ಕಣ್ಣು ಚೆನ್ನಾಗೇ ಕಾಣುತ್ತೆ. ಡಿಸ್ಚಾರ್ಜ್ ಚೀಟಿ ತೆಗೆದು ಆರ್‌ಒಪಿ (ಬೇಗ ಹುಟ್ಟಿದ ಮಕ್ಕಳಿಗೆ ಬರುವ ಈ ರೆಟಿನಾ ತೊಂದರೆಯ ಹೆಸರು) ಅಂತ ಬರೆದಿದೆಯಾ ನೋಡಿ, ಇಬ್ಬರದ್ದೂ. ಇಲ್ಲದಿದ್ದರೆ ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.