ಗಂಡನ ಜೊತೆ ಹೊಸ ಮನೆ, ರಾತ್ರಿಯಾದರೆ ಎದೆ ಡವಡವ: ಹಾಸನದ ತಂಗಿಗೆ ಉತ್ತರ

ತಂಗಿ, ಇಂಗ್ಲೆಂಡಿನಲ್ಲಿ ಚಳಿ ಎಷ್ಟು, ಖರ್ಚು ಎಷ್ಟು ಅಂತೆಲ್ಲ ಕೇಳಿ, ಕೊನೆಗೆ ಎರಡು ಸಾಲು ಸೇರಿಸಿದ್ದೀಯ. ಮದುವೆಯಾಗಿ ಹಾಸನದಿಂದ ಬಂದು ಇವರ ಜೊತೆ ಇರೋಕೆ ಶುರು ಮಾಡಿದ ಮೇಲೆ ರಾತ್ರಿ ಎದೆ ಡವಡವ ಅನ್ನುತ್ತದೆ, ಉಸಿರು ಸಿಗುವುದಿಲ್ಲ, ಇವರು ಒಳ್ಳೆಯವರೇ, ಮತ್ತೆ ಯಾಕೆ ಹೀಗೆ ಅಂತ. ಚಳಿ, ಖರ್ಚಿನ ಮಾತು ಆಮೇಲೆ. ನಾನು ಮೂಡಿಗೆರೆಯವಳು. ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಬಂದ ಹೊಸದರಲ್ಲಿ ನನಗೂ ಹೀಗೇ ಆಗುತ್ತಿತ್ತು.

ಎದೆ ಹೊಡೆದುಕೊಂಡಿತು ಅಂತ ಮದುವೆಯೇ ಸರಿಯಿಲ್ಲ ಅನ್ನುವ ತೀರ್ಮಾನಕ್ಕೆ ಬರಬೇಡ. ಮನೆ, ದೇಶ, ಹವೆ, ಪಕ್ಕದಲ್ಲಿ ಮಲಗುವ ಮನುಷ್ಯ, ಎಲ್ಲ ಒಟ್ಟಿಗೇ ಬದಲಾಗಿದೆ. ಊರಲ್ಲಾದರೆ ಅಮ್ಮನ ಹತ್ತಿರ ಜಗಳ, ಪಕ್ಕದ ಮನೆಯವರ ಹತ್ತಿರ ಹರಟೆ, ಗೆಳತಿಯ ಹತ್ತಿರ ಗುಟ್ಟು. ಇಲ್ಲಿ ಅವರು ಕೆಲಸಕ್ಕೆ ಹೋದರೆ ಸಂಜೆವರೆಗೆ ನೀನೊಬ್ಬಳೇ. ಸಂಜೆ ಬಂದ ಮೇಲೆ ಅಮ್ಮ, ಗೆಳತಿ, ನೆರೆಯವರು ಎಲ್ಲ ಆ ಒಬ್ಬನೇ. ಎಷ್ಟು ಒಳ್ಳೆಯವನಾದರೂ ಒಬ್ಬ ಮನುಷ್ಯ ಅಷ್ಟೆಲ್ಲ ಆಗಲು ಸಾಧ್ಯವಿಲ್ಲ, ಅಲ್ವಾ?

ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ರಾತ್ರಿ ನಾನು ಬಚ್ಚಲುಮನೆಯ ನೆಲದ ಮೇಲೆ ಕೂತುಬಿಟ್ಟಿದ್ದೆ. ಬೆರಳ ತುದಿ ಜುಮ್ಮೆನ್ನುತ್ತಿತ್ತು, ತುಟಿಯ ಸುತ್ತ ಮರಗಟ್ಟಿತ್ತು, ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಹೆದರಿಕೆಗೆ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಉಸಿರಾಟ ಜಾಸ್ತಿಯಾಗುತ್ತದೆ. ಹಾಗೆ ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಜುಮ್ಮೆನ್ನುವುದು, ತಲೆ ಸುತ್ತುವುದು ಅದರಿಂದಲೇ. ಉಸಿರು ಸಾಲದು ಅಂತ ಇನ್ನೂ ಜೋರಾಗಿ ಎಳೆದುಕೊಂಡಷ್ಟೂ ಅದು ಹೆಚ್ಚುತ್ತದೆ. ಅದಕ್ಕೇ ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಈ ಹೆದರಿಕೆ ತುದಿ ಮುಟ್ಟಿ, ಆಮೇಲೆ ತಾನೇ ಇಳಿಯುತ್ತದೆ. ಅಲ್ಲಿಯವರೆಗೆ ನಾನು ಬಸ್ ದಾರಿಯ ಊರುಗಳನ್ನು ಹೇಳಿಕೊಳ್ಳುತ್ತಿದ್ದೆ. ಹಾಸನ, ಆಲೂರು, ಬಾಳ್ಳುಪೇಟೆ, ಸಕಲೇಶಪುರ, ಹಾನುಬಾಳು, ಮೂಡಿಗೆರೆ. ಒಂದೊಂದು ಊರಿಗೂ ಒಂದು ಉದ್ದನೆಯ ಉಸಿರು ಬಿಡುವುದು.

ಆದರೆ ಇದು ಬರೀ ಆತಂಕವೇ ಅಂತ ನೀನೇ ನಿರ್ಧಾರ ಮಾಡಬೇಡ, ಡಾಕ್ಟರು ಹೇಳಲಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಿದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಎದೆನೋವು ಕೈಗೋ ದವಡೆಗೋ ಹರಿದರೆ, ಮೈ ಬೆವೆತರೆ ಕಾಯುತ್ತಾ ಕೂರಬೇಡ, ಆಂಬುಲೆನ್ಸಿಗೆ 999ಕ್ಕೆ ಫೋನ್ ಮಾಡು. ಇಲ್ಲದಿದ್ದರೆ ಈ ವಾರವೇ ಹತ್ತಿರದ ಜಿಪಿ ಸರ್ಜರಿಯಲ್ಲಿ, ಅಂದರೆ ಇಲ್ಲಿನ ಸಾಮಾನ್ಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ಹೆಸರು ಬರೆಸು. ದುಡ್ಡು ಕೊಡಬೇಕಿಲ್ಲ, ವಿಳಾಸದ ಪುರಾವೆ ಇಲ್ಲದಿದ್ದರೂ ನಡೆಯುತ್ತದೆ. ವೀಸಾ ಮಾಡಿಸುವಾಗ ಹೆಲ್ತ್ ಸರ್‌ಚಾರ್ಜ್ ಅಂತ ಕಟ್ಟಿದ್ದೀರಲ್ಲ, ಅದು ಇದಕ್ಕೇ. ನೀನು ಹೇಳಿದ್ದನ್ನು ಡಾಕ್ಟರು ನಿನ್ನನ್ನು ಕೇಳದೆ ಗಂಡನಿಗಾಗಲೀ ಅತ್ತೆಗಾಗಲೀ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಕೇಳು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಟಾಕಿಂಗ್ ಥೆರಪೀಸ್ ಅಂತ ಆತಂಕಕ್ಕೆ ಮಾತಿನ ಚಿಕಿತ್ಸೆ ಇದೆ, ಅದಕ್ಕೆ ಡಾಕ್ಟರ ಚೀಟಿಯೂ ಬೇಡ, ನೀನೇ ಅರ್ಜಿ ಹಾಕಬಹುದು. ಕರೆ ಬರಲು ಸ್ವಲ್ಪ ಕಾಯಬೇಕಾಗುತ್ತದೆ, ಅದಕ್ಕೇ ಬೇಗ ಹಾಕು. ತಡೆಯಲಾಗದ ರಾತ್ರಿ ಬಂದರೆ ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿ, ಮನಸ್ಸಿನ ತೊಂದರೆಗೆ ಅಂತ 2 ಒತ್ತು.

ಕಾಫಿ ಬಗ್ಗೆಯೂ ಹೇಳಲೇಬೇಕು. ನಮ್ಮ ಕಡೆಯವರಿಗೆ ಕಾಫಿ ಕಡಿಮೆ ಮಾಡು ಅನ್ನುವುದು ದೊಡ್ಡ ಮಾತೇ. ಆದರೆ ಒಂಟಿತನಕ್ಕೆ ಸುಮ್ನೆ ಲೋಟದ ಮೇಲೆ ಲೋಟ ಕುಡಿಯುತ್ತಾ ಹೋದರೆ ರಾತ್ರಿ ಎದೆ ಕೇಳುವುದಿಲ್ಲ. ಕುಡಿದು ಐದು ಗಂಟೆಯಾದರೂ ಕೆಫೀನಿನ ಹೆಚ್ಚುಕಡಿಮೆ ಅರ್ಧ ಮೈಯಲ್ಲೇ ಇರುತ್ತದೆ. ಬೆಳಿಗ್ಗೆಯ ಫಿಲ್ಟರ್ ಕಾಫಿ ಇರಲಿ, ಮಧ್ಯಾಹ್ನದ ಮೇಲೆ ಬೇಡ.

ಇನ್ನು ನಿನ್ನ ಗಂಡನಿಗೆ ಹೇಳುವ ವಿಷಯ. ರಾತ್ರಿ ಉಸಿರು ಕಟ್ಟುತ್ತಿರುವಾಗ ಅಲ್ಲ, ಶನಿವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಹೇಳು. "ನಿಮ್ಮಿಂದ ಏನೂ ಆಗಿಲ್ಲ ಕಣ್ರೀ, ನನಗೆ ಹೀಗಾಗುತ್ತದೆ, ಆವಾಗ ಏನೂ ಕೇಳಬೇಡಿ, ಪಕ್ಕದಲ್ಲಿ ಕೂತಿರಿ" ಅಂತ ನೇರವಾಗಿ ಹೇಳು. ಹೇಳದೆ ಮುಚ್ಚಿಟ್ಟರೆ ಇವಳಿಗೆ ನಾನು ಹಿಡಿಸಿಲ್ಲವೇನೋ ಅಂತ ಆ ಹುಡುಗ ಒಳಗೇ ಕೊರಗುತ್ತಾನೆ. ಒಂದೇ ಮನೆಯಲ್ಲಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ನಿನ್ನದೇ ಅಂತ ಇರಲಿ. ಆ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತರೂ ತಪ್ಪಿಲ್ಲ. ಇನ್ನೊಂದು ಸಣ್ಣ ವಿಷಯ. ಇಲ್ಲಿ ಇಬ್ಬರಿಗೂ ಸೇರಿ ಒಂದೇ ದೊಡ್ಡ ಹೊದಿಕೆ. ಅವರು ಮಗ್ಗುಲು ಬದಲಿಸಿದಾಗೆಲ್ಲ ನನ್ನ ಮೈಮೇಲಿಂದ ಜಾರುತ್ತಿತ್ತು, ನಿದ್ದೆ ಹಾರುತ್ತಿತ್ತು. ಇಬ್ಬರಿಗೂ ಬೇರೆ ಬೇರೆ ಹೊದಿಕೆ ತಂದ ಮೇಲೆ ನಿದ್ದೆ ಬಂತು. ಊರಲ್ಲಿ ನಮ್ಮ ನಮ್ಮ ಕಂಬಳಿ ಹೊದ್ದೇ ಬೆಳೆದವರು ತಾನೇ ನಾವು!

ನಿನಗೆ ಗಂಡನನ್ನು ಕಂಡರೇ ಹೆದರಿಕೆಯಾಗುತ್ತಿದ್ದರೆ ಮಾತ್ರ ಮೇಲೆ ಹೇಳಿದ್ದು ಯಾವುದೂ ಸಾಲದು. ಕೈ ಎತ್ತುವುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ಇದರಲ್ಲಿ ಒಂದಿದ್ದರೂ ಮನೆಯೊಳಗಿನ ದೌರ್ಜನ್ಯಕ್ಕೆ ಇರುವ ಸಹಾಯವಾಣಿ 0808 2000 247ಕ್ಕೆ ಫೋನ್ ಮಾಡು. ದಿನದ 24 ಗಂಟೆಯೂ ಸಿಗುತ್ತಾರೆ, ಕರೆಗೆ ದುಡ್ಡಿಲ್ಲ.

ಡಿಸೆಂಬರಿನಲ್ಲಿ ಲಂಡನ್ನಿನಲ್ಲೇ ಸಂಜೆ ನಾಲ್ಕಕ್ಕೆ ಮುಂಚೆ ಹೊತ್ತು ಮುಳುಗುತ್ತದೆ. ಮಧ್ಯಾಹ್ನ ಊಟಕ್ಕೆ ಮೊದಲೇ ಹೊರಗೆ ನಡೆದು ಬಾ. ಚಳಿಗಾಲ ಮುಗಿಯುವವರೆಗೆ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಲು ಇಲ್ಲಿ ಎಲ್ಲರಿಗೂ ಹೇಳುತ್ತಾರೆ.

ಅಮ್ಮನಿಗೆ ಗಾಬರಿಯಾಗುತ್ತದೆ ಅಂತ ದಿನಾ "ಚೆನ್ನಾಗಿದ್ದೀನಿ" ಅನ್ನುತ್ತಿದ್ದೀಯ ಅಂತ ನನಗೆ ಗೊತ್ತು. ಅಮ್ಮನಿಗಲ್ಲದಿದ್ದರೆ ಅಕ್ಕನಿಗೋ ಗೆಳತಿಗೋ ಒಬ್ಬರಿಗಾದರೂ ನಿಜ ಹೇಳು. ಚಳಿಗಾಲದಲ್ಲಿ ಊರು ನಮಗಿಂತ ಐದೂವರೆ ಗಂಟೆ ಮುಂದೆ, ಬೆಳಿಗ್ಗೆಯೇ ಫೋನ್ ಮಾಡಿದರೆ ಸಿಗುತ್ತಾರೆ. ಜಿಪಿಯಲ್ಲಿ ಹೆಸರು ಬರೆಸಿದ ಮೇಲೆ ನನಗೊಂದು ಮಾತು ತಿಳಿಸು. ಖರ್ಚಿನ ಲೆಕ್ಕ ಆಗ ಬರೆಯುತ್ತೇನೆ.