ತಿಂಗಳ ಸಂಬಳವೋ, ಗಂಟೆಯ ಬಾಡಿಗೆಯೋ?

ಹುಬ್ಬಳ್ಳಿಯಲ್ಲಿ ಚಟ್ನಿಪುಡಿ, ಮಸಾಲೆ ಪುಡಿ ಮಾಡಿ ಮಾರುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮಲ್ಲಿ ಆರು ಜನ ಕೆಲಸಕ್ಕಿದ್ದಾರೆ. ಆರ್ಡರ್, ಬಿಲ್ಲು, ಫೋನು ನೋಡಿಕೊಳ್ಳುವ ಹುಡುಗಿಗೆ ತಿಂಗಳಿಗೆ 18,000 ಕೊಡ್ತೀನಿ, ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್. ಈಗ ಒಂದು ಏಜೆನ್ಸಿಯವರು ವರ್ಚುವಲ್ ಅಸಿಸ್ಟೆಂಟ್ ಕೊಡ್ತೀವಿ ಅಂತಿದ್ದಾರೆ. ಗಂಟೆಗೆ 150 ರೂಪಾಯಿ, ತಿಂಗಳಿಗೆ 80 ಗಂಟೆ ಸಾಕಂತೆ. ಅಂದ್ರೆ 12,000. ವರ್ಷಕ್ಕೆ 90,000 ಉಳಿಯುತ್ತೆ. ಹುಡುಗಿಗೆ ಇನ್ನೂ ಹೇಳಿಲ್ಲ, ಹಬ್ಬ ಮುಗಿಯಲಿ ಅಂತ. ಮನಸ್ಸು ಒಪ್ತಿಲ್ಲ, ಆದ್ರೆ ವ್ಯಾಪಾರದಲ್ಲಿ ಮನಸ್ಸಿನ ಮಾತು ಕೇಳಬಾರದು ಅಲ್ವಾ?"

ಕೇಳಬೇಕು. ಯಾಕಂದರೆ ಈ ವಿಷಯದಲ್ಲಿ ನಿಮ್ಮ ಮನಸ್ಸು ಏಜೆನ್ಸಿಯವರಿಗಿಂತ ಚೆನ್ನಾಗಿ ಲೆಕ್ಕ ಹಾಕಿದೆ.

ಮೊದಲು ಒಂದು ಮಾತು. ವರ್ಚುವಲ್ ಅಸಿಸ್ಟೆಂಟ್, ಅಂದರೆ ಎಲ್ಲೋ ಕೂತು ಫೋನು, ಕಂಪ್ಯೂಟರಿನಲ್ಲೇ ದೂರದಿಂದ ಕೆಲಸ ಮಾಡಿಕೊಡುವವರ ಬಗ್ಗೆ ನನಗೆ ತಕರಾರಿಲ್ಲ. ವೆಬ್‌ಸೈಟಿಗೆ ಫೋಟೊ ಏರಿಸುವುದು, ಹಳೇ ಬಿಲ್ಲುಗಳನ್ನು ಕಂಪ್ಯೂಟರಿಗೆ ತುಂಬುವುದು, ಇಂಥ ಆಗಾಗ ಬಂದು ಹೋಗುವ ಕೆಲಸಕ್ಕೆ ಅವರು ಸರಿ. ಸಣ್ಣ ಮಗು ಬಿಟ್ಟು ಹೊರಗೆ ಹೋಗಲಾಗದ ಎಷ್ಟೋ ಹೆಣ್ಣುಮಕ್ಕಳಿಗೆ ಅದೊಂದು ದಾರಿಯೂ ಹೌದು.

ಈಗ ಲೆಕ್ಕಕ್ಕೆ ಬನ್ನಿ. ಏಜೆನ್ಸಿಯವರು ನಿಮಗೆ ತಿಂಗಳಿಗೆ ತಿಂಗಳು ಹೋಲಿಸಿ ತೋರಿಸಿದ್ದಾರೆ. ಗಂಟೆಗೆ ಗಂಟೆ ಹೋಲಿಸಿ ನೋಡಿ. ನಿಮ್ಮ ಹುಡುಗಿ ದಿನಕ್ಕೆ 8 ಗಂಟೆಯಂತೆ 26 ದಿನ ಬಂದರೆ 208 ಗಂಟೆ. ಬೋನಸ್ಸನ್ನು ಹಂಚಿದರೆ ತಿಂಗಳಿಗೆ 19,500, ಗಂಟೆಗೆ 94 ರೂಪಾಯಿ. ಆರು ಜನರ ಅಂಗಡಿಯಾದ್ದರಿಂದ ಇಎಸ್ಐ (ನೌಕರರ ಆರೋಗ್ಯ ವಿಮೆ), ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ನಿಮಗೆ ಕಡ್ಡಾಯವಾಗಿಲ್ಲ. ನಾಳೆ ವ್ಯಾಪಾರ ಬೆಳೆದು ಕಡ್ಡಾಯವಾಯಿತು ಅಂತಲೇ ಇಟ್ಟುಕೊಳ್ಳಿ: ಇಎಸ್ಐಗೆ ಶೇ. 3.25, ಪಿಎಫ್‌ಗೆ 15,000ದ ಮೇಲೆ ಶೇ. 12, ಗ್ರಾಚ್ಯುಟಿಗೆ ವರ್ಷಕ್ಕೆ 15 ದಿನದ ಸಂಬಳ. ಸಂಬಳ, ಬೋನಸ್ ಎಲ್ಲ ಸೇರಿ ತಿಂಗಳಿಗೆ 23,000ದ ಆಸುಪಾಸು. ರಜೆ, ಹಬ್ಬ, ಚಹಾ ಎಲ್ಲ ಕಳೆದು 180 ಗಂಟೆ ಅಂತ ಹಿಡಿದರೂ ಗಂಟೆಗೆ 128. ಆಗಲೂ 150 ದಾಟಲಿಲ್ಲ. ಏಜೆನ್ಸಿಯವರ ಬಿಲ್ಲಿಗೆ ಶೇ. 18 ಜಿಎಸ್‌ಟಿ ಬೇರೆ ಬೀಳುತ್ತದೆ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆಯಲ್ಲಿದ್ದರೆ, ಅದು ವಾಪಸ್ ಸಿಗುವುದಿಲ್ಲ, 12,000 ಇದ್ದದ್ದು 14,160 ಆಗುತ್ತದೆ.

"ಆದ್ರೆ ನನಗೆ 80 ಗಂಟೆಯ ಕೆಲಸವೇ ಇರೋದು" ಅಂತೀರಿ. ಇದನ್ನು ನಿಮಗೆ ಹೇಳಿದವರು ಯಾರು? ನಿಮ್ಮ ಅಂಗಡಿಯ ಮೆಟ್ಟಿಲು ಹತ್ತದವರು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ, ಇನ್ನೂ 26ರ ವಯಸ್ಸಿನಲ್ಲಿ, ಒಂದು ಸರಳ ಪ್ರಶ್ನೆ ಎತ್ತಿದರು. ಎಲ್ಲ ಕೆಲಸವೂ ಪೇಟೆಯಲ್ಲಿ ಬಾಡಿಗೆಗೆ ಸಿಗುವಾಗ ಕಂಪನಿ ಅಂತ ಒಂದು ಯಾಕೆ ಬೇಕು, ಸಂಬಳ ಕೊಟ್ಟು ಜನರನ್ನು ಯಾಕೆ ಇಟ್ಟುಕೊಳ್ಳಬೇಕು? ಅವರು ಕಂಡುಕೊಂಡದ್ದು ಇಷ್ಟು: ಪೇಟೆಗೆ ಹೋಗುವುದಕ್ಕೂ ಖರ್ಚಿದೆ. ದರ ವಿಚಾರಿಸಬೇಕು, ಚೌಕಾಸಿ ಮಾಡಬೇಕು, ಕರಾರು ಬರೆಯಬೇಕು, ಪ್ರತಿ ಹೊಸ ಕೆಲಸಕ್ಕೂ ಮತ್ತೆ ಮೊದಲಿಂದ ಶುರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್ ಈ ಪಾಠವನ್ನು ಕೈ ಸುಟ್ಟುಕೊಂಡೇ ಕಲಿತಿದ್ದರು. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಸುಮಾರು 14,000 ಜನರ ಕೆಲಸ ನಡೆಯಲು ವರ್ಷದಲ್ಲಿ 50,000ಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವರು ನಿಲ್ಲುತ್ತಿರಲಿಲ್ಲ. 1914ರ ಜನವರಿಯಲ್ಲಿ ದಿನಗೂಲಿಯನ್ನು ಹೆಚ್ಚುಕಮ್ಮಿ ದುಪ್ಪಟ್ಟು ಮಾಡಿ 5 ಡಾಲರಿಗೆ ಏರಿಸಿದರು. ಧರ್ಮಕ್ಕೆ ಕೊಟ್ಟದ್ದಲ್ಲ, ಕೆಲಸ ಬಲ್ಲವರು ಉಳಿಯಲಿ ಅಂತ ಕೊಟ್ಟದ್ದು.

ನಮ್ಮ ಪತ್ರಿಕೆಯಲ್ಲಿ ಆದದ್ದನ್ನೇ ಹೇಳ್ತೀನಿ. ಚಂದಾ ವಿಭಾಗ ನೋಡಿಕೊಳ್ಳುತ್ತಿದ್ದ ಅಮ್ಮ ನಿವೃತ್ತರಾದಾಗ ಆ ಕೆಲಸವನ್ನು ದೂರದ ಊರಿನ ಒಬ್ಬ ಹುಡುಗನಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟೆವು. ಚುರುಕಾದ ಹುಡುಗ, ಒಂದು ಅಂಕಿ ತಪ್ಪಲಿಲ್ಲ. ಚಂದಾ ಮುಗಿದವರಿಗೆ ಮೂರು ಈಮೇಲ್ ಹಾಕು, ಉತ್ತರ ಬರದಿದ್ದರೆ ಹೆಸರು ತೆಗೆ ಅಂತ ನಾವೇ ಹೇಳಿದ್ದೆವು. ಹಾಗೇ ಮಾಡಿದ. ನಾಲ್ಕನೇ ತಿಂಗಳು ಮಲೆನಾಡಿನ ಕಡೆಯಿಂದ ಒಂದು ಅಂಚೆ ಕಾರ್ಡು ಬಂತು. ನಡುಗುವ ಕೈಯ ದುಂಡಗಿನ ಅಕ್ಷರ, ಮಳೆಹನಿ ಬಿದ್ದು ಒಂದು ಮೂಲೆಯ ಶಾಯಿ ಹರಡಿತ್ತು. "ಮೂರು ತಿಂಗಳಿಂದ ಪತ್ರಿಕೆ ಬಂದಿಲ್ಲ. ನನ್ನಿಂದ ಏನಾದರೂ ತಪ್ಪಾಯಿತೇ?"

ನಿವೃತ್ತರಾದ ಅಮ್ಮನಿಗೆ ಫೋನ್ ಮಾಡಿದೆ. ಹೆಸರು ಹೇಳುತ್ತಿದ್ದಂತೆ, "ಅಯ್ಯೋ, ಆ ಈಮೇಲ್ ಅವರ ಮಗನದ್ದು ಸಾರ್, ಅವನು ಹೊರದೇಶದಲ್ಲಿದ್ದಾನೆ. ಇವರಿಗೆ ಮಳೆ ಶುರುವಾಗೋ ಮೊದಲು ಒಂದು ಫೋನ್ ಮಾಡಬೇಕು, ಪೇಟೆಗೆ ಬಂದಾಗ ಬ್ಯಾಂಕಿಗೆ ಕಟ್ಟಿ ಹೋಗ್ತಾರೆ" ಅಂದರು. ಅಂಥ ಇನ್ನೂ ನಲವತ್ತು ಜನರ ಹೆಸರನ್ನು, ಯಾವ ಪಟ್ಟಿಯನ್ನೂ ನೋಡದೆ, ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ. ಅದರಲ್ಲಿ ಹನ್ನೊಂದು ಜನ ಅಷ್ಟರಲ್ಲಾಗಲೇ ಪಟ್ಟಿಯಿಂದ ಹೋಗಿದ್ದರು. ಆ ಅಮ್ಮ ಮಧ್ಯಾಹ್ನ ಫೋನ್ ಹಿಡಿದು "ಮಳೆ ಹೇಗಿದೆ, ಮೊಮ್ಮಗಳ ಮದುವೆ ಆಯ್ತಾ" ಅಂತ ಮಾತಾಡುತ್ತಿದ್ದುದನ್ನು ನಾವು ಕೆಲಸ ಅಂತ ಎಣಿಸಿರಲೇ ಇಲ್ಲ.

ನಿಮ್ಮ ಹುಡುಗಿಯ ಉಳಿದ ನೂರು ಗಂಟೆಯೂ ಹೀಗೇ. ಪಕ್ಕದ ಕೋಣೆಯಲ್ಲಿ ಮೆಣಸಿನಕಾಯಿ ಹುರಿಯುವ ವಾಸನೆ ಸ್ವಲ್ಪ ಸೀದರೆ ಅವಳಿಗೆ ಗೊತ್ತಾಗುತ್ತದೆ. ಗದಗಿನ ಅಂಗಡಿಯವರು ಫೋನ್ ಮಾಡಿ "ಈ ಸಲ ಖಾರ ಭಾಳ ಆಗ್ಯದ್ರಿ" ಅಂದರೆ, ಅದು ದೂರೋ ಹೊಗಳಿಕೆಯೋ ಅಂತ ಅವರ ದನಿಯಲ್ಲೇ ತಿಳಿಯುತ್ತಾಳೆ. ಆ ಫೋನನ್ನು ಇನ್ನೊಂದು ರಾಜ್ಯದಲ್ಲಿ ಕೂತವರು ಎತ್ತಿ ಹಿಂದಿಯಲ್ಲಿ ಉತ್ತರ ಕೊಟ್ಟರೆ ಆ ಅಂಗಡಿಯವರು ಎರಡನೇ ಸಲ ಫೋನ್ ಮಾಡ್ತಾರಾ?

ನನ್ನ ನಿಜವಾದ ಸಂಕಟ ಬೇರೆ ಇದೆ. ನಿಮಗೆ ಉಳಿಯುತ್ತದೆ ಅನ್ನುವ ಹಣ ಬರುವುದು ಎಲ್ಲಿಂದ? ಆ ಕಡೆ ಕೂತವರ ಲ್ಯಾಪ್‌ಟಾಪ್ ಅವರದ್ದೇ, ಕರೆಂಟು, ನೆಟ್ಟು ಅವರದ್ದೇ. ಜ್ವರ ಬಂದ ದಿನ ದುಡ್ಡಿಲ್ಲ. ಕಾನೂನಿನಲ್ಲಿ 26 ವಾರದ ಹೆರಿಗೆ ರಜೆ ಇದೆ, ಹೀಗೆ ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. 150ರಲ್ಲಿ ಏಜೆನ್ಸಿ ಎಷ್ಟು ಹಿಡಿದುಕೊಳ್ಳುತ್ತದೆ, ಕೇಳಿದ್ದೀರಾ? ಖರ್ಚು ಎಲ್ಲೂ ಹೋಗಿಲ್ಲ, ನಿಮ್ಮ ತಲೆಯಿಂದ ಅವರ ತಲೆಗೆ ಬಂದಿದೆ ಅಷ್ಟೇ.

ಇತ್ತ ನಮ್ಮ ಊರುಗಳಲ್ಲಿ ಎಲ್ಲಿ ಹೋದರೂ "ಕೆಲಸಕ್ಕೆ ಜನ ಸಿಗಲ್ಲ" ಅನ್ನುವ ಗೋಳು. ಹೇಗೆ ಸಿಗ್ತಾರೆ? ಹಿಂದೆ ಮಂಡಿಗೆ ಗುಮಾಸ್ತನಾಗಿ ಸೇರಿದ ಹುಡುಗ ಕಿರ್ದಿ ಬರೆದು, ಖಾತೆ ನೋಡಿ, ಸಾಹುಕಾರರ ಜೊತೆ ನಾಲ್ಕು ಊರು ಸುತ್ತಿ, ಹತ್ತು ವರ್ಷಕ್ಕೆ ತಾನೇ ಒಂದು ಮಳಿಗೆ ತೆಗೆಯುತ್ತಿದ್ದ. ಈಗ ಕಲಿಸುವವರೇ ಇಲ್ಲ. ಬಿಕಾಂ ಮುಗಿಸಿದ ಮಕ್ಕಳು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತಾರೆ. ನಿಮ್ಮ ಅಂಗಡಿಯ ಆ ಒಂದು ಕುರ್ಚಿ ಹುಬ್ಬಳ್ಳಿಯಲ್ಲೇ ಉಳಿಯಲು ಒಂದು ಹುಡುಗಿಗಿರುವ ಕಾರಣ.

ಅವಳಿಗೆ ಇನ್ನೂ ಹೇಳಿಲ್ಲ ಅಂದಿರಲ್ಲ, ಒಳ್ಳೇದಾಯ್ತು. ಒಂದು ಸೋಮವಾರ ಅವಳಿಗೆ ರಜೆ ಕೊಟ್ಟು ಆ ಮೇಜಿಗೆ ನೀವೇ ಕೂತುಕೊಳ್ಳಿ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಬಂದ ಫೋನು, ಕೇಳಿದ ಪ್ರಶ್ನೆ, ಯಾರೂ ಹೇಳದೆ ಮಾಡಬೇಕಾಗಿ ಬಂದ ಕೆಲಸ, ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಆ ಪುಟಗಳನ್ನು ನನಗೆ ಕಳಿಸಿ, ಏಜೆನ್ಸಿಯವರ 80 ಗಂಟೆಯ ಪಕ್ಕ ಇಟ್ಟು ಇಬ್ಬರೂ ಕೂತು ನೋಡೋಣ.